ಹೊಸ ಪಾಯಿಂಟ್‌ಗೆ ಎಷ್ಟರ ವೈರ್? ಎಳೆಯುವ ಮೊದಲು ಹಾಕಬೇಕಾದ ಲೆಕ್ಕ

ಎಲೆಕ್ಟ್ರಿಕಲ್ ಅಂಗಡಿಯಲ್ಲಿ ನಿಂತು “ಗೀಸರ್‌ಗೆ ಯಾವ ವೈರ್ ಬೇಕಾಗುತ್ತೆ?” ಅಂತ ಕೇಳಿ ನೋಡಿ. “ಟೂ ಪಾಯಿಂಟ್ ಫೈವ್ ತಗೊಂಡು ಹೋಗಿ ಸಾರ್, ಸಾಕು” ಅನ್ನುತ್ತಾರೆ, ಅಂದರೆ ಒಳಗಿನ ತಾಮ್ರದ ಅಡ್ಡಕೊಯ್ತ 2.5 ಚದರ ಮಿಲಿಮೀಟರ್ ಇರುವ ವೈರ್. ಬಹಳಷ್ಟು ಸಲ ಆ ಉತ್ತರ ಸರಿಯಾಗಿಯೇ ಇರುತ್ತದೆ. ಆದರೆ ನಾವು ಕೇಳಿದ ಪ್ರಶ್ನೆಯೇ ಅರ್ಧ. ಆ ವೈರ್ ಯಾವ ಎಂಸಿಬಿಯಿಂದ (ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಹೊರಡುತ್ತದೆ, ಪೈಪಿನೊಳಗೆ ಜೊತೆಗೆ ಯಾರಿದ್ದಾರೆ, ಎಷ್ಟು ದೂರ ಹೋಗಬೇಕು ಅನ್ನುವುದು ಗೊತ್ತಿಲ್ಲದೆ, ಗೀಸರಿನ ವ್ಯಾಟ್ ಒಂದನ್ನೇ ನೋಡಿ ವೈರ್ ಹೇಳಲು ಬರುವುದಿಲ್ಲ.

ಹೊಸ ಮನೆಗೆ ವೈರಿಂಗ್ ಮಾಡುವಾಗ ಈ ತಲೆನೋವು ಕಡಿಮೆ. ಎಲ್ಲ ಲೈನೂ ಹೊಸದು. ತೊಂದರೆ ಬರುವುದು ಇರುವ ಲೈನಿಗೆ ಬಾಲ ಕಟ್ಟುವಾಗ. ಅಡುಗೆಮನೆಗೆ ಇಂಡಕ್ಷನ್ ಸ್ಟವ್ ಬಂತು, ಮಹಡಿ ಮೇಲೆ ಒಂದು ಬಾತ್‌ರೂಂ ಆಯ್ತು, ಪೋರ್ಟಿಕೋದಲ್ಲಿ ಸ್ಕೂಟರ್ ಚಾರ್ಜ್ ಮಾಡಬೇಕು. ಹತ್ತಿರದ ಬೋರ್ಡಿನಿಂದ ಒಂದು ಲೂಪ್ ಎಳೆದು ಮುಗಿಸಿಬಿಡೋಣ ಅನ್ನಿಸುತ್ತದೆ, ಅಲ್ವಾ? ಈ ಲೇಖನ ಅಂಥವರಿಗೆ.

ಕೆಲಸ ಯಾರು ಮಾಡಬೇಕು

ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳ ಪ್ರಕಾರ ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ ಇಂಥವನ್ನು ಬದಲಾಯಿಸುವುದಕ್ಕೆ ಅಡ್ಡಿಯಿಲ್ಲ. ಇರುವ ವೈರಿಂಗ್‌ಗೆ ಹೊಸದು ಸೇರಿಸುವುದು ಅಥವಾ ಅದನ್ನು ಮಾರ್ಪಡಿಸುವುದು ಪರವಾನಗಿ ಇರುವ ಗುತ್ತಿಗೆದಾರರ ಕೆಲಸ. ಕರ್ನಾಟಕದಲ್ಲಿ ಈ ಪರವಾನಗಿ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಹಾಗಾಗಿ ಕೆಳಗಿನ ಲೆಕ್ಕ ನೀವೇ ಗೋಡೆ ಕೊರೆಯಲಿ ಅಂತ ಬರೆದದ್ದಲ್ಲ. ಎಲೆಕ್ಟ್ರಿಷಿಯನ್ ಬಂದಾಗ ಏನು ಕೇಳಬೇಕು, ಅವರು ಹೇಳಿದ್ದು ಸರಿಯೇ ಅಂತ ಹೇಗೆ ನೋಡಬೇಕು ಅನ್ನುವುದಕ್ಕೆ ಬರೆದದ್ದು. ಒಳ್ಳೆಯ ಎಲೆಕ್ಟ್ರಿಷಿಯನ್ ಪ್ರಶ್ನೆ ಕೇಳಿದರೆ ಸಿಟ್ಟಾಗುವುದಿಲ್ಲ. ಸಿಟ್ಟಾದರೆ ಬೇರೆಯವರನ್ನು ನೋಡಿ.

ನಮ್ಮಲ್ಲಿ ಮನೆ ವೈರಿಂಗ್‌ಗೆ ಆಧಾರ ಐಎಸ್ 732 ಅನ್ನುವ ಮಾನದಂಡ. ಅದರ 2019ರ ಪರಿಷ್ಕರಣೆಯಲ್ಲಿರುವ ಅಂಕಿಗಳನ್ನೇ ಮುಂದೆ ಬಳಸಿದ್ದೇನೆ. ವೈರ್ ಹೇಗಿರಬೇಕು ಅನ್ನುವುದು ಐಎಸ್ 694ರಲ್ಲಿದೆ.

ಮೊದಲನೇ ಹೆಜ್ಜೆ: ಲೈನ್ ಎಲ್ಲಿಂದ ಬರುತ್ತಿದೆ ನೋಡಿ

ಡಿಬಿ, ಅಂದರೆ ಎಂಸಿಬಿಗಳಿರುವ ಪೆಟ್ಟಿಗೆಯ ಮುಂದೆ ನಿಂತು ಒಂದೊಂದೇ ಎಂಸಿಬಿ ಇಳಿಸಿ. ಯಾವ ಕೋಣೆಯಲ್ಲಿ ಏನು ಆಫ್ ಆಯ್ತು ಅಂತ ಒಂದು ಕಾಗದದ ಮೇಲೆ ಬರೆಯಿರಿ. ಅರ್ಧ ಗಂಟೆಯ ಕೆಲಸ. ನಮ್ಮ ಕಡೆ ಬಹುಪಾಲು ಡಿಬಿಗಳ ಮೇಲೆ ಒಂದು ಹೆಸರೂ ಬರೆದಿರುವುದಿಲ್ಲ, ಆದ್ದರಿಂದ ಈ ಕಾಗದ ಮುಂದೆ ವರ್ಷಗಟ್ಟಲೆ ಉಪಯೋಗಕ್ಕೆ ಬರುತ್ತದೆ.

ಎಂಸಿಬಿ ಮೇಲೆ ‘ಸಿ 16’ ಅಂತಲೋ ‘ಬಿ 10’ ಅಂತಲೋ ಇರುತ್ತದೆ. ಆ ಸಂಖ್ಯೆ ಆಂಪಿಯರ್. ಇಲ್ಲಿ ಒಂದು ವಿಷಯ ಗಟ್ಟಿಯಾಗಿ ನೆನಪಿಡಬೇಕು: ಎಂಸಿಬಿಯ ಆ ಸಂಖ್ಯೆ ಇರುವುದು ಗೋಡೆಯೊಳಗಿನ ವೈರನ್ನು ಕಾಪಾಡುವುದಕ್ಕೆ. ನಿಮ್ಮ ಮಿಕ್ಸಿ, ಟಿವಿ ಉಳಿಸುವುದು ಅದರ ಕೆಲಸವಲ್ಲ. ವೈರ್ ಬಿಸಿಯಾಗಿ ಅದರ ಹೊದಿಕೆ ಕರಗುವ ಮೊದಲು ಕರೆಂಟ್ ಕಡಿಯಬೇಕು, ಅಷ್ಟೇ. ಹಾಗಾಗಿ ಒಂದು ಎಂಸಿಬಿಯ ಕೆಳಗೆ ಬರುವ ಎಲ್ಲ ವೈರ್‌ಗಳಲ್ಲಿ ಅತಿ ಸಣ್ಣದು ಯಾವುದೋ, ಅದಕ್ಕೆ ಎಂಸಿಬಿ ಹೊಂದಬೇಕು. ಡಿಬಿಯಿಂದ ಬೋರ್ಡಿನವರೆಗೆ 4ರ ವೈರ್ ಬಂದು, ಅಲ್ಲಿಂದ ಮುಂದಕ್ಕೆ ಯಾರೋ 1ರ ವೈರಿನಲ್ಲಿ ಲೂಪ್ ಮಾಡಿದ್ದರೆ ಇಡೀ ಲೈನ್ 1ರ ಲೈನ್ ಅಂತಲೇ ಲೆಕ್ಕ. ಒಂದಿಂಚಿನ ನೀರಿನ ಪೈಪಿನ ಮಧ್ಯೆ ಅರ್ಧ ಇಂಚಿನ ತುಂಡು ಕೂರಿಸಿದ ಹಾಗೆ. ಆದರೆ ಇಲ್ಲಿ ಆ ತುಂಡು ಸುಡುತ್ತದೆ.

ಅದಕ್ಕೇ ಡಿಬಿಯಲ್ಲಿ ಕಾಣುವ ವೈರ್ ನೋಡಿ ನಂಬಬೇಡಿ. ಎಲ್ಲಿಂದ ಹೊಸ ಲೈನ್ ತೆಗೆಯುತ್ತೀರೋ ಆ ಬೋರ್ಡನ್ನು, ಮೇನ್ ಆಫ್ ಮಾಡಿಸಿ, ಟೆಸ್ಟರ್‌ನಲ್ಲಿ ಪರೀಕ್ಷೆ ಮಾಡಿಸಿ, ಬಿಚ್ಚಿಸಿ ನೋಡಿ.

ಹಳೆಯ ಮನೆಗಳಲ್ಲಿ ವೈರಿನ ಲೆಕ್ಕವೇ ಬೇರೆ ಇರುತ್ತದೆ. ಹಿರಿಯ ಎಲೆಕ್ಟ್ರಿಷಿಯನ್‌ಗಳು ಇವತ್ತಿಗೂ ‘ಒನ್ ಏಟೀನ್’, ‘ತ್ರೀ ಟ್ವೆಂಟಿ’, ‘ಸೆವೆನ್ ಟ್ವೆಂಟಿ’ ಅನ್ನುತ್ತಾರೆ. ಮೊದಲ ಸಂಖ್ಯೆ ಎಳೆಗಳು, ಎರಡನೆಯದು ಎಳೆಯ ಗೇಜ್, ಅಂದರೆ ದಪ್ಪದ ನಂಬರ್. ಈಗಿನ ಲೆಕ್ಕಕ್ಕೆ ತಂದರೆ 1/18 ಅಂದರೆ ಸುಮಾರು 1.2 ಚದರ ಮಿಲಿಮೀಟರ್. 3/22 ಕೂಡ ಅಷ್ಟೇ. 3/20 ಸುಮಾರು 2, 7/20 ಸುಮಾರು 4.6. ಅಂದರೆ 3/20 ಎಳೆದಿರುವ ಪವರ್ ಲೈನನ್ನು ‘ಟೂ ಪಾಯಿಂಟ್ ಫೈವ್ ಇದ್ದ ಹಾಗೇ’ ಅಂದುಕೊಂಡರೆ ಐದರಲ್ಲಿ ಒಂದು ಪಾಲು ಸುಮ್ನೆ ಕಲ್ಪನೆ. ಬೆಳ್ಳಗೆ ಹೊಳೆಯುವ ಗಡುಸು ವೈರ್ ಕಂಡರೆ ಅದು ಅಲ್ಯೂಮಿನಿಯಂ ಇರಬಹುದು. ಬ್ಲೇಡಿನಲ್ಲಿ ಗೀರಿದರೆ ಒಳಗೂ ಬಿಳಿಯೇ ಇರುತ್ತದೆ. ತವರ ಲೇಪಿಸಿದ ತಾಮ್ರವಾದರೆ ಬ್ಲೇಡಿನಲ್ಲಿ ಕೆರೆದಾಗ ಕೆಂಪು ಕಾಣುತ್ತದೆ. ಅಲ್ಯೂಮಿನಿಯಂಗೆ ತಾಮ್ರ ತಿರುಚಿ ಜಾಯಿಂಟ್ ಹಾಕಿದರೆ ಆ ಜಾಗ ನಿಧಾನವಾಗಿ ಸವೆದು, ಸಡಿಲವಾಗಿ, ಬಿಸಿಯಾಗುತ್ತದೆ. ಅಂಥ ಲೈನಿಗೆ ಏನನ್ನೂ ಸೇರಿಸಬೇಡಿ. ಡಿಬಿಯಿಂದ ಹೊಸ ತಾಮ್ರ ಎಳೆಸಿ.

ಎರಡನೇ ಹೆಜ್ಜೆ: ಲೋಡ್ ಎಷ್ಟು

ಇದು ಸುಲಭ. ಉಪಕರಣದ ಮೇಲಿರುವ ವ್ಯಾಟನ್ನು 230ರಿಂದ ಭಾಗಿಸಿ. 3000 ವ್ಯಾಟ್ ಗೀಸರ್ 13 ಆಂಪ್. 2000 ವ್ಯಾಟ್ ಇಂಡಕ್ಷನ್ ಸ್ಟವ್ 8.7 ಆಂಪ್. 750 ವ್ಯಾಟ್ ಮಿಕ್ಸಿ 3.3 ಆಂಪ್. ಕಾರಿಗೆ 3.3 ಕಿಲೋವ್ಯಾಟ್ ಚಾರ್ಜರ್ ಹಾಕಿದರೆ 14 ಆಂಪ್ ಮೀರುತ್ತದೆ.

ಎಷ್ಟು ಹೊತ್ತು ಓಡುತ್ತದೆ ಅನ್ನುವುದನ್ನೂ ನೋಡಿ. ಗೀಸರ್ ಸ್ವಲ್ಪ ಹೊತ್ತು ಓಡಿ ಥರ್ಮೋಸ್ಟಾಟ್ ಕಡಿಯುತ್ತದೆ, ವೈರಿಗೆ ತಣ್ಣಗಾಗಲು ಸಮಯ ಸಿಗುತ್ತದೆ. ಕಾರ್ ಚಾರ್ಜರ್ ಹಾಗಲ್ಲ, ರಾತ್ರಿಯಿಡೀ ಅಷ್ಟೇ ಕರೆಂಟ್ ಎಳೆಯುತ್ತದೆ. 13 ಮತ್ತು 14 ಆಂಪ್ ಹತ್ತಿರದ ಸಂಖ್ಯೆಗಳಾದರೂ ನಾನು ಗೀಸರ್‌ಗೆ 2.5, ಕಾರಿಗೆ 4 ಅನ್ನುವುದು ಈ ಕಾರಣಕ್ಕೆ.

ನಮ್ಮ ರಾಷ್ಟ್ರೀಯ ವಿದ್ಯುತ್ ಸಂಹಿತೆಯ ಹಳೆಯ, ಎಲೆಕ್ಟ್ರಿಷಿಯನ್‌ಗಳಿಗೆ ಬಾಯಿಪಾಠವಿರುವ ಮಿತಿಯೂ ಇಲ್ಲಿ ಬರುತ್ತದೆ. ಲೈಟ್ ಸರ್ಕ್ಯೂಟ್‌ನಲ್ಲಿ (ಸರ್ಕ್ಯೂಟ್ ಅಂದರೆ ಒಂದು ಎಂಸಿಬಿಯ ಕೆಳಗಿನ ಇಡೀ ಲೈನ್) ಲೈಟ್, ಫ್ಯಾನ್, ಸಣ್ಣ ಸಾಕೆಟ್ ಎಲ್ಲ ಸೇರಿ 10 ಪಾಯಿಂಟ್, 800 ವ್ಯಾಟ್ ದಾಟಬಾರದು. ಪವರ್ ಸರ್ಕ್ಯೂಟ್ ಒಂದರಲ್ಲಿ 2 ಪಾಯಿಂಟ್‌ಗಿಂತ ಜಾಸ್ತಿ ಬೇಡ, ಲೋಡ್ 3000 ವ್ಯಾಟ್ ಒಳಗಿರಲಿ. ಎಲ್‌ಇಡಿ ಬಲ್ಬ್ ಬಂದ ಮೇಲೆ 800 ವ್ಯಾಟ್ ದಾಟುವುದು ಕಷ್ಟವೇ. ಹಾಗಾಗಿ 1.5ರ ಲೈಟ್ ಲೈನಿಂದ 1.5ರಲ್ಲೇ ಇನ್ನೆರಡು ಬಲ್ಬಿಗೆ ಲೂಪ್ ಎಳೆಯುವುದು ದೊಡ್ಡ ವಿಷಯವಲ್ಲ. ಪಾಯಿಂಟ್ ಎಣಿಸಿ, ಮುಂದೆ ಹೋಗಿ.

ಮೂರನೇ ಹೆಜ್ಜೆ: ವೈರ್ ಎಷ್ಟು ಹೊರುತ್ತದೆ

ಗೋಡೆಯಲ್ಲಿ ಪೈಪಿನೊಳಗೆ ಒಂದೇ ಸರ್ಕ್ಯೂಟಿನ ಫೇಸ್, ನ್ಯೂಟ್ರಲ್ ಇದ್ದಾಗ, ಸಾಮಾನ್ಯ ಪಿವಿಸಿ ತಾಮ್ರದ ವೈರಿಗೆ ಸುತ್ತಲಿನ ಶಾಖ 30 ಡಿಗ್ರಿ ಇದ್ದರೆ:

1.5 ಚದರ ಮಿ.ಮೀ. — 17.5 ಆಂಪ್
2.5 ಚದರ ಮಿ.ಮೀ. — 24 ಆಂಪ್
4 ಚದರ ಮಿ.ಮೀ. — 32 ಆಂಪ್
6 ಚದರ ಮಿ.ಮೀ. — 41 ಆಂಪ್

ಆದರೆ 30 ಡಿಗ್ರಿ ನಮ್ಮಲ್ಲಿ ಎಲ್ಲಿದೆ? ಮಡಿಕೇರಿಯಲ್ಲಿ ಇರಬಹುದು. ಏಪ್ರಿಲ್‌ನಲ್ಲಿ ಬಿಸಿಲು ಬಡಿಯುವ ಪಶ್ಚಿಮದ ಗೋಡೆಯೊಳಗೆ, ತಾರಸಿಯ ಸ್ಲ್ಯಾಬಿನೊಳಗೆ ಇಲ್ಲವೇ ಇಲ್ಲ. 40 ಡಿಗ್ರಿಗೆ ಮೇಲಿನ ಸಂಖ್ಯೆಗಳನ್ನು 0.87ರಿಂದ ಗುಣಿಸಬೇಕು, 45ಕ್ಕೆ 0.79ರಿಂದ. ಬೆಂಗಳೂರು, ಮೈಸೂರು, ಮಂಗಳೂರಿಗೆ 40 ಹಿಡಿದರೆ ಸಾಕು. ಕಲಬುರಗಿ, ರಾಯಚೂರಿನವರು 45 ಹಿಡಿಯಿರಿ.

40 ಡಿಗ್ರಿಗೆ ಲೆಕ್ಕ ಹಾಕಿದರೆ 1.5ರ ವೈರ್ 15 ಆಂಪ್ ಚಿಲ್ಲರೆ, 2.5 ಸುಮಾರು 21, 4 ಸುಮಾರು 28, 6 ಸುಮಾರು 36 ಆಂಪ್ ಹೊರುತ್ತದೆ. ಈಗ ನಿಯಮ ಹೀಗೆ: ಲೋಡಿಗಿಂತ ಎಂಸಿಬಿ ದೊಡ್ಡದಿರಬೇಕು, ಎಂಸಿಬಿಗಿಂತ ವೈರಿನ ತಾಕತ್ತು ದೊಡ್ಡದಿರಬೇಕು. 1.5ಕ್ಕೆ 10ರ ಎಂಸಿಬಿ. 16 ಹಾಕಿದರೆ ಈಗಾಗಲೇ ಮೀರಿತು. 2.5ಕ್ಕೆ 16 ಅಥವಾ 20, 4ಕ್ಕೆ 25, 6ಕ್ಕೆ 32.

ಎಂಸಿಬಿ ತನ್ನ ಸಂಖ್ಯೆ ದಾಟಿದ ಕೂಡಲೇ ಬೀಳುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಇಲ್ಲ. 16ರ ಎಂಸಿಬಿ 18 ಆಂಪ್‌ನಲ್ಲಿ ಒಂದು ಗಂಟೆ ಬೀಳದೆ ನಿಲ್ಲಬೇಕು ಅಂತಲೇ ಅದನ್ನು ತಯಾರಿಸಿರುತ್ತಾರೆ. 23 ಆಂಪ್ ಆದಾಗ ಒಂದು ಗಂಟೆಯ ಒಳಗೆ ಬೀಳಲೇಬೇಕು. ಮಧ್ಯದಲ್ಲಿ ಅದರ ಇಷ್ಟ. ಹಾಗಾಗಿ ‘ಜಾಸ್ತಿಯಾದರೆ ಎಂಸಿಬಿ ನೋಡಿಕೊಳ್ಳುತ್ತೆ ಬಿಡಿ’ ಅನ್ನುವ ಮಾತಿಗೆ ಅರ್ಥವಿರುವುದು ವೈರಿಗೆ ತಕ್ಕ ಎಂಸಿಬಿ ಇದ್ದಾಗ ಮಾತ್ರ.

ಒಂದು ಉದಾಹರಣೆ ಬಿಡಿಸಿ ನೋಡೋಣ. ಕೆಳಗಿನ ಬಾತ್‌ರೂಮಿನಲ್ಲಿ 3 ಕಿಲೋವ್ಯಾಟ್ ಗೀಸರ್ ಇದೆ. 2.5ರ ವೈರ್, 20ರ ಎಂಸಿಬಿ. ಮಹಡಿ ಬಾತ್‌ರೂಂ ಅದರ ನೆತ್ತಿಯ ಮೇಲೇ ಇದೆ, ಅಲ್ಲಿಗೂ 3 ಕಿಲೋವ್ಯಾಟ್ ಗೀಸರ್. ಕೆಳಗಿನ ಪಾಯಿಂಟಿನಿಂದ ನಾಲ್ಕು ಮೀಟರ್ ಎಳೆದರೆ ಕೆಲಸ ಮುಗಿಯಿತು. ಬೆಳಿಗ್ಗೆ ಎರಡೂ ಒಟ್ಟಿಗೆ ಆನ್ ಆದರೆ 26 ಆಂಪ್. ಎಂಸಿಬಿ ಆಗಾಗ ಬೀಳುತ್ತದೆ. ನಾಲ್ಕು ದಿನ ಬಿದ್ದ ಮೇಲೆ ಮನೆಯವರಿಗೆ ಬೇಸರ, “ಎಂಸಿಬಿ ವೀಕ್ ಆಗಿದೆ” ಅಂತ ಯಾರೋ 32ರದ್ದು ಹಾಕುತ್ತಾರೆ. ಅಲ್ಲಿಂದ ಮುಂದೆ ಅದು ಬೀಳುವುದಿಲ್ಲ. 21 ಆಂಪ್ ಹೊರುವ ವೈರಿನಲ್ಲಿ 26 ಹರಿದರೆ ಶಾಖ ಕಾಲು ಪಾಲು ಹೆಚ್ಚಾಗುವುದಲ್ಲ. ಕರೆಂಟಿನ ವರ್ಗಕ್ಕೆ ತಕ್ಕಂತೆ ಏರಿ ಒಂದೂವರೆ ಪಟ್ಟು ಆಗುತ್ತದೆ. ದಿನಾ ಬೆಳಿಗ್ಗೆ ಹೀಗೆ ಕಾದರೆ ಹೊದಿಕೆ ಗಡುಸಾಗಿ, ಬಿರುಕು ಬಿಟ್ಟು, ಒಂದು ದಿನ ಗೋಡೆಯೊಳಗೇ ಶಾರ್ಟ್ ಆಗುತ್ತದೆ. ಸರಿಯಾದ ದಾರಿ ಒಂದೇ: ಮಹಡಿ ಗೀಸರ್‌ಗೆ ಡಿಬಿಯಿಂದ ಪ್ರತ್ಯೇಕ ಲೈನ್, ಪ್ರತ್ಯೇಕ ಎಂಸಿಬಿ. ಪದೇ ಪದೇ ಬೀಳುವ ಎಂಸಿಬಿಯನ್ನು ದೊಡ್ಡದು ಮಾಡುವ ಎಲೆಕ್ಟ್ರಿಷಿಯನ್‌ನನ್ನು ಎರಡನೇ ಸಲ ಮನೆಗೆ ಕರೆಯಬೇಡಿ.

ಅಡುಗೆಮನೆಯಲ್ಲೂ ಇದೇ ಕಥೆ. ಇಂಡಕ್ಷನ್ ಸ್ಟವ್‌ಗೆ ದಪ್ಪ ಪಿನ್ನಿನ 16 ಆಂಪ್ ಪ್ಲಗ್ ಇರುತ್ತದೆ, ಗೋಡೆಯಲ್ಲಿ 6 ಆಂಪ್ ಸಾಕೆಟ್. ಮಧ್ಯೆ ಒಂದು ಕನ್ವರ್ಟರ್ ಪ್ಲಗ್ ಸಿಕ್ಕಿಸುತ್ತಾರೆ. ಇನ್ನೂ ‘ನೀಟಾಗಿ’ ಮಾಡುವವರು ಆ ಸಾಕೆಟ್ಟನ್ನೇ ತೆಗೆದು 6/16ರ ಕಾಂಬಿ ಸಾಕೆಟ್ ಹಾಕಿಬಿಡುತ್ತಾರೆ, ಹಿಂದೆ ಇರುವುದು ಮಾತ್ರ ಲೈಟ್ ಲೈನಿನ 1ರ ವೈರ್. ಇದು ಕನ್ವರ್ಟರ್‌ಗಿಂತ ಅಪಾಯ. ಕನ್ವರ್ಟರ್ ಕಂಡವರಿಗೆ ಅನುಮಾನವಾದರೂ ಬರುತ್ತದೆ. ಕಾಂಬಿ ಸಾಕೆಟ್ ಕಂಡವರು ಪವರ್ ಲೈನ್ ಅಂದುಕೊಂಡು ಓವನ್ ಕೂಡ ಸಿಕ್ಕಿಸುತ್ತಾರೆ.

ನಾಲ್ಕನೇ ಹೆಜ್ಜೆ: ಪೈಪಿನೊಳಗೆ ಎಷ್ಟು ಜನ

ಹೊಸ ಲೈನಿಗೆ ಗೋಡೆ ಕೊರೆಯುವ ಬದಲು ಇರುವ ಪೈಪಿನಲ್ಲೇ ಸ್ಪ್ರಿಂಗ್ (ವೈರ್ ತೂರಿಸುವ ಉದ್ದ ತಂತಿ) ಹಾಕಿ ಎಳೆಯುವುದು ಎಲ್ಲರಿಗೂ ಇಷ್ಟ. ತಪ್ಪೇನಿಲ್ಲ, ಆದರೆ ಅದಕ್ಕೆ ಬೆಲೆ ತೆರಬೇಕು. ಒಂದು ಪೈಪಿನಲ್ಲಿ ಎರಡು ಸರ್ಕ್ಯೂಟ್ ಇದ್ದರೆ ಎರಡೂ ಒಂದನ್ನೊಂದು ಕಾಯಿಸುತ್ತವೆ. ಆಗ 0.80ರಿಂದ, ಮೂರು ಇದ್ದರೆ 0.70ರಿಂದ ಗುಣಿಸಬೇಕು.

ಮಹಡಿ ಗೀಸರಿನ 2.5ರ ವೈರನ್ನು ಎಸಿ ಲೈನ್ ಇರುವ ಪೈಪಿನಲ್ಲೇ ಎಳೆದಿರಿ ಅಂತಿಟ್ಟುಕೊಳ್ಳಿ. 24 × 0.87 × 0.80 ಅಂದರೆ 16.7 ಆಂಪ್. ಈಗ 20ರ ಎಂಸಿಬಿ ನಡೆಯುವುದಿಲ್ಲ, 16 ಹಾಕಬೇಕು. ಗೀಸರ್ 13 ಆಂಪ್ ಆದ್ದರಿಂದ ಬಚಾವ್. ಇಲ್ಲಿ ತುಂಬಾ ಜನ ಮರೆಯುವುದು ಹಳೆಯ ಎಸಿ ಲೈನನ್ನು. ಹೊಸಬ ಬಂದದ್ದರಿಂದ ಅದರ ತಾಕತ್ತೂ ಅಷ್ಟೇ ಇಳಿಯಿತು. ಅದೂ 2.5ರ ವೈರಾಗಿದ್ದು ಎಂಸಿಬಿ 20 ಇದ್ದರೆ ಅದನ್ನೂ 16ಕ್ಕೆ ಇಳಿಸಬೇಕು. ಮೂರನೇ ಸರ್ಕ್ಯೂಟೂ ಅದೇ ಪೈಪಿಗೆ ಬಂದರೆ 2.5ರ ತಾಕತ್ತು 14.6 ಆಂಪ್, 16ರ ಎಂಸಿಬಿಗೂ ಸಾಲದು. ಆಗ 4ರ ವೈರ್ ಎಳೆಯಿರಿ, ಇಲ್ಲವೇ ಬೇರೆ ಪೈಪ್ ಹಾಕಿಸಿ.

ಸ್ಪ್ರಿಂಗ್ ಎಳೆಯುವಾಗ ಇಬ್ಬರು ಜಗ್ಗಬೇಕಾದರೆ ಪೈಪ್ ತುಂಬಿದೆ ಅಂತ ಅರ್ಥ. ಸೋಪು ಹಚ್ಚಿ ಜಗ್ಗಿಸಬೇಡಿ. ಬೆಂಡ್‌ಗಳಲ್ಲಿ ಹಳೆಯ ವೈರಿನ ಹೊದಿಕೆ ಉಜ್ಜಿ ಹೋದರೆ ಹೊರಗೆ ಗೊತ್ತೇ ಆಗುವುದಿಲ್ಲ.

ಐದನೇ ಹೆಜ್ಜೆ: ದೂರ

ಮನೆಯೊಳಗೆ ಹತ್ತು ಹದಿನೈದು ಮೀಟರಿಗೆ ಇದರ ಚಿಂತೆ ಬೇಡ. ಹಿತ್ತಲಿನ ಬಚ್ಚಲು, ಕೊಟ್ಟಿಗೆ, ಗೇಟಿನ ಬಳಿಯ ಶೆಡ್ ಅಂದಾಗ ಲೆಕ್ಕ ಹಾಕಬೇಕು. ಮೀಟರಿನಿಂದ ಉಪಕರಣ ತಲುಪುವಷ್ಟರಲ್ಲಿ ವೋಲ್ಟೇಜ್ ಲೈಟಿಗೆ ಶೇ. 3, ಉಳಿದವಕ್ಕೆ ಶೇ. 5ಕ್ಕಿಂತ ಜಾಸ್ತಿ ಇಳಿಯಬಾರದು. 230ರಲ್ಲಿ ಶೇ. 5 ಅಂದರೆ 11.5 ವೋಲ್ಟ್.

ಹೊಸ ಬಹುಎಳೆ ವೈರಿನ ರೋಧ ಕಿಲೋಮೀಟರಿಗೆ 1.5ಕ್ಕೆ 13.3 ಓಮ್, 2.5ಕ್ಕೆ 7.98, 4ಕ್ಕೆ 4.95 ಓಮ್‌ಗಿಂತ ಜಾಸ್ತಿ ಇರಬಾರದು. ವೈರ್ ಬಿಸಿಯಾದಾಗ ಇದು ಐದನೇ ಒಂದು ಪಾಲು ಏರುತ್ತದೆ. 30 ಮೀಟರ್ ದೂರದ ಬಚ್ಚಲಿಗೆ 13 ಆಂಪ್ ಗೀಸರ್ ಅಂದುಕೊಳ್ಳಿ. ಕರೆಂಟ್ ಹೋಗಿ ವಾಪಸ್ ಬರಬೇಕಲ್ಲ, ಆದ್ದರಿಂದ ವೈರ್ 60 ಮೀಟರ್. 2.5ರಲ್ಲಿ ಸುಮಾರು 7.5 ವೋಲ್ಟ್ ಇಳಿಯುತ್ತದೆ, ನಡೆಯುತ್ತದೆ. 1.5ರಲ್ಲಿ 12 ವೋಲ್ಟ್ ದಾಟುತ್ತದೆ, ನಡೆಯುವುದಿಲ್ಲ. ಹಳ್ಳಿಯ ಲೈನಿನ ಕೊನೆಯಲ್ಲಿ ಮನೆಯಿದ್ದು ಸಂಜೆ ಹೊತ್ತು ಮೀಟರ್ ಹತ್ತಿರವೇ 200 ವೋಲ್ಟ್ ಬರುತ್ತಿದ್ದರೆ ಒಂದು ಸೈಜ್ ದೊಡ್ಡದಕ್ಕೇ ಹೋಗಿ. ಮೋಟಾರಿಗಂತೂ ಖಂಡಿತ.

ನ್ಯೂಟ್ರಲ್, ಅರ್ತ್, ಇನ್ವರ್ಟರ್

ಫೇಸಿಗೆ 2.5 ಎಳೆದು ನ್ಯೂಟ್ರಲ್‌ಗೆ 1.5 ಹಾಕುವುದು ಸುಳ್ಳು ಉಳಿತಾಯ. ಅದೇ ಕರೆಂಟ್ ನ್ಯೂಟ್ರಲ್‌ನಲ್ಲೂ ಹರಿಯುತ್ತದೆ. ಮನೆಯಲ್ಲಿ ಬಳಸುವ ಸೈಜುಗಳಲ್ಲಿ ಅರ್ತ್ ಕೂಡ ಫೇಸಿನಷ್ಟೇ ದಪ್ಪವಿರಲಿ, 16 ಚದರ ಮಿ.ಮೀ.ವರೆಗೂ ನಿಯಮ ಹಾಗೇ ಇದೆ.

ನ್ಯೂಟ್ರಲ್ ಎರವಲು ತರುವುದು ಇನ್ನೊಂದು ರೋಗ. ಹೊಸ ಪಾಯಿಂಟಿಗೆ ಫೇಸ್ ಒಂದು ಸರ್ಕ್ಯೂಟಿನಿಂದ, ನ್ಯೂಟ್ರಲ್ ಹತ್ತಿರದ ಇನ್ನೊಂದು ಬೋರ್ಡಿನಿಂದ. ಬಲ್ಬ್ ಉರಿಯುತ್ತದೆ, ಎಲ್ಲ ಸರಿಯಿದ್ದಂತೆ ಕಾಣುತ್ತದೆ. ಎರಡು ಸರ್ಕ್ಯೂಟ್‌ಗೆ ಬೇರೆ ಬೇರೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸಾಧನ) ಇದ್ದರೆ ಆನ್ ಮಾಡಿದ ಕೂಡಲೇ ಬೀಳುತ್ತದೆ, ಏಕೆಂದರೆ ಹೋದ ಕರೆಂಟ್ ಅದೇ ದಾರಿಯಲ್ಲಿ ವಾಪಸ್ ಬರಲಿಲ್ಲ. ಆಗ “ಆರ್‌ಸಿಸಿಬಿ ಕಿರಿಕಿರಿ” ಅಂತ ಅದನ್ನೇ ಬೈಪಾಸ್ ಮಾಡುತ್ತಾರೆ. ಜೀವ ಉಳಿಸುವ ಸಾಧನ ಅದು, ಮನೆಗೆ 30 ಮಿಲಿಆಂಪ್‌ನದ್ದು. ಬೈಪಾಸ್ ಮಾಡಲು ಬಿಡಬೇಡಿ. ಆರ್‌ಸಿಸಿಬಿ ಇಲ್ಲದ ಡಿಬಿಯಾದರೆ, ಬಚ್ಚಲಿಗೋ ಹೊರಗಡೆಗೋ ಹೊಸ ಪಾಯಿಂಟ್ ಎಳೆಯುವ ದಿನವೇ ಅದನ್ನೂ ಹಾಕಿಸಿ.

ಇನ್ವರ್ಟರ್ ಲೈನಿನಿಂದ ಪವರ್ ಪಾಯಿಂಟ್ ತೆಗೆಯಬೇಡಿ. ಅಷ್ಟೇ.

ವೈರ್ ಕೊಳ್ಳುವಾಗ

ವೈರಿನ ಉದ್ದಕ್ಕೂ ಐಎಸ್‌ಐ ಗುರುತು, ಐಎಸ್ 694, ಸೈಜ್ ಅಚ್ಚಾಗಿರಬೇಕು. 2.5ರ ವೈರನ್ನು ಸುಲಿದರೆ ಸಾಮಾನ್ಯವಾಗಿ 0.3 ಮಿ.ಮೀ.ನ 36 ಎಳೆಗಳಿರುತ್ತವೆ. 1.5ರಲ್ಲಿ 22, 4ರಲ್ಲಿ 56. ಕಂಪನಿಯಿಂದ ಕಂಪನಿಗೆ ಎಳೆಯ ಲೆಕ್ಕ ಸ್ವಲ್ಪ ಬದಲಾಗಬಹುದು, ಮಾನದಂಡ ಕೊನೆಗೆ ನೋಡುವುದು ರೋಧವನ್ನು. ಮಲ್ಟಿಮೀಟರ್ ಇದ್ದರೆ 90 ಮೀಟರಿನ ಕಾಯಿಲ್ ತಂದು ಎರಡು ತುದಿ ಅಳೆಯಿರಿ. ಮೊದಲು ಪ್ರೋಬ್‌ಗಳನ್ನು ಒಂದಕ್ಕೊಂದು ಮುಟ್ಟಿಸಿ ಬರುವ ಸಂಖ್ಯೆಯನ್ನು ಕಳೆಯಬೇಕು. 1.5ರ ಕಾಯಿಲ್ ಸುಮಾರು 1.2 ಓಮ್, 2.5ರದ್ದು 0.7 ಓಮ್ ಆಸುಪಾಸು ಬರಬೇಕು. 2.5 ಅಂತ ಕೊಟ್ಟ ಕಾಯಿಲ್ 1 ಓಮ್ ತೋರಿಸಿದರೆ ಅಂಗಡಿಗೆ ವಾಪಸ್ ಹೋಗಿ.

ಕೊನೆಗೆ ಪರೀಕ್ಷೆ

ಜಾಯಿಂಟ್‌ಗಳು ಬೋರ್ಡಿನಲ್ಲೋ ಜಂಕ್ಷನ್ ಬಾಕ್ಸಿನಲ್ಲೋ, ಕನೆಕ್ಟರ್‌ನಲ್ಲಿ ಇರಬೇಕು. ಪೈಪಿನ ಮಧ್ಯೆ ಟೇಪ್ ಸುತ್ತಿ ತೂರಿಸಿದ ಜಾಯಿಂಟ್ ಬೇಡವೇ ಬೇಡ. ಪ್ಲಾಸ್ಟರ್ ಮಾಡುವ ಮೊದಲು ಗೋಡೆಯ ಫೋಟೋ ತೆಗೆದಿಡಿ, ಪೈಪ್ ಎಲ್ಲಿ ಹೋಗಿದೆ ಅಂತ ಮುಂದೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ. ಕರೆಂಟ್ ಕೊಡುವ ಮೊದಲು 500 ವೋಲ್ಟ್ ಮೆಗ್ಗರ್ (ಹೊದಿಕೆಯ ರೋಧ ಅಳೆಯುವ ಮೀಟರ್) ಹಾಕಿಸಿ. ಫೇಸ್ ಮತ್ತು ಅರ್ತ್ ಮಧ್ಯೆ 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಎಲ್ಲೋ ಹೊದಿಕೆ ಪೆಟ್ಟು ತಿಂದಿದೆ. ಹೊಸ ವೈರ್ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ತೋರಿಸಬೇಕು.

ನಂತರ ಪೂರ್ತಿ ಲೋಡ್ ಹಾಕಿ ಅರ್ಧ ಗಂಟೆ ಓಡಿಸಿ. ಪ್ಲಗ್ ಕಿತ್ತು ಪಿನ್ ಬಿಸಿಯಿದೆಯೇ, ಸ್ವಿಚ್ ಸುತ್ತ ಸುಟ್ಟ ವಾಸನೆ ಇದೆಯೇ ನೋಡಿ. ಬೆಚ್ಚಗಿದ್ದರೆ ಸರಿ, ಬೆರಳು ಇಡಲಾಗದಷ್ಟು ಬಿಸಿಯಾದರೆ ಸ್ಕ್ರೂ ಸಡಿಲವಿದೆ. ಆಫ್ ಮಾಡಿ ಮತ್ತೆ ಬಿಗಿ ಮಾಡಿಸಿ. ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಇರುತ್ತದೆ. ಹೊಸ ಗೀಸರ್, ಚಾರ್ಜರ್ ಸೇರಿ ಅದನ್ನು ಮೀರುವಂತಿದ್ದರೆ ಆರ್‌ಆರ್ ನಂಬರ್ ಹಿಡಿದು ಎಸ್ಕಾಂ (ವಿದ್ಯುತ್ ಕಂಪನಿ) ಕಚೇರಿಯಲ್ಲಿ ಲೋಡ್ ಹೆಚ್ಚಿಸಲು ಅರ್ಜಿ ಹಾಕಿ, ಏಕೆಂದರೆ ಕಂಬದಿಂದ ಮೀಟರಿಗೆ ಬರುವ ವೈರಿಗೂ ಮೇಲಿನ ಲೆಕ್ಕವೇ ಅನ್ವಯ.